ಹಲ್ಲಿನ ಡಾಕ್ಟರರಿಗೆ ತೋರಿಸುವ ಮದುವೆ

ಅಸ್ವಾನ್, ಪಶ್ಚಿಮ ದಂಡೆ
ಮಂಗಳವಾರ

ಮಾನ್ಯ ಮುಖ್ತಾರ್ ಸಾಹೇಬರಿಗೆ,

ಹೆಸರಿಗೆ ಇನ್ನೂ ನಿಮ್ಮ ಹೆಂಡತಿಯೇ ಆಗಿರುವ ದಹೀಬಾಳ ಸಲಾಮು. ಕ್ಷೇಮ ಕೇಳುವುದಿಲ್ಲ. ಆಚೆ ದಡದ ದೊಡ್ಡ ಹೋಟೆಲಿನಲ್ಲಿ ಇಳಿದಿದ್ದೀರಿ, ತಣ್ಣನೆ ಗಾಳಿಯ ಕೋಣೆ ಕೊಟ್ಟಿರುತ್ತಾರೆ, ಪರದೆ ಸರಿಸಿದರೆ ನದಿ, ನದಿಯಾಚೆ ನಮ್ಮ ಊರು. ಕ್ಷೇಮವಾಗಿಯೇ ಇರುತ್ತೀರಿ. ಮೊನ್ನೆಯೇ ಕೈರೋದಿಂದ ಬಂದವರು ಒಂದು ದೋಣಿ ಹತ್ತಿ ಮಗಳ ಮುಖ ನೋಡಲು ಬರಲಿಲ್ಲವಲ್ಲ ಎಂದೂ ಕೇಳುವುದಿಲ್ಲ. ದೇಶ ದೇಶಗಳಿಂದ ಹಲ್ಲಿನ ಡಾಕ್ಟರರು ಸಮ್ಮೇಳನಕ್ಕೆ ಬಂದು ಕೂತಿದ್ದಾರೆ, ಅವರ ಕೊರಳಿಗೆ ಹೆಸರಿನ ಚೀಟಿ ನೇತುಹಾಕುವ ಕೆಲಸ ನಿಮ್ಮ ಕಂಪನಿಯದು. ಅಷ್ಟು ಕೊರಳುಗಳ ಮಧ್ಯೆ ಹೆಂಡತಿ ಮಕ್ಕಳ ನೆನಪು ಎಲ್ಲಿ ಬರಬೇಕು ಪಾಪ.

ಈ ಪತ್ರವನ್ನು ನನ್ನ ಅಣ್ಣ ಶಾಝ್ಲಿ ತಂದುಕೊಡುತ್ತಾನೆ. ಅವನನ್ನು ಕೂರಿಸಿ ಕಾಫಿ ಗೀಫಿ ಎಂದು ಉಪಚಾರ ಮಾಡಲು ಹೋಗಬೇಡಿ. ಪತ್ರ ಕೊಟ್ಟು ಮಾತಾಡದೆ ಬಾ ಎಂದು ಆಣೆ ಹಾಕಿಸಿ ಕಳಿಸಿದ್ದೇನೆ. ಮಾತಾಡಿಸಿದರೆ ಆಣೆ ಮುರಿಯುತ್ತದೆ, ಅದರ ಜೊತೆಗೆ ಇನ್ನೇನೇನು ಮುರಿಯುತ್ತದೋ ನನಗೆ ಗೊತ್ತಿಲ್ಲ.

ನಿಮ್ಮ ಹಾಳೆ ನನ್ನ ಕೈ ಸೇರಿದೆ. ಯಾವ ಹಾಳೆ ಎಂದು ಹುಬ್ಬು ಏರಿಸಬೇಡಿ. "ಬಿಡುವಿನ ವೇಳೆಯಲ್ಲಿ ಅಸ್ವಾನ್" ಅಂತ ಬಣ್ಣಬಣ್ಣವಾಗಿ ಅಚ್ಚು ಹಾಕಿಸಿ, ಸಮ್ಮೇಳನಕ್ಕೆ ಬಂದವರಿಗೆಲ್ಲ ಹಂಚಲು ನೀವೇ ಬರೆದ ಹಾಳೆ. ಈ ಗುರುವಾರ ಸಂಜೆ ಹೋಟೆಲಿನ ಕಟ್ಟೆಯಿಂದ ಈಚೆ ದಡಕ್ಕೆ ಜನ ಸಾಗಿಸಲು ದೋಣಿಗಳು ಬೇಕು ಅಂತ ಹೋಟೆಲಿನವರು ಹತ್ತು ದಿನದ ಹಿಂದೆಯೇ ಶಾಝ್ಲಿಯನ್ನು ಕರೆಸಿದ್ದರು. ಅವನು ಆ ಹಾಳೆ ಹಿಡಿದು ಬಾಯ್ತುಂಬ ನಗುತ್ತಾ ಮನೆಗೆ ಬಂದ. "ದಹೀಬಾ, ಆ ಡಾಕ್ಟರುಗಳನ್ನ ನಮ್ಮೂರಲ್ಲಿ ಇನ್ಯಾರದೋ ಮದುವೆಗೆ ಕರ್ಕೊಂಡು ಬರ್ತಾರಂತೆ ಕಣೇ, ಯಾರದ್ದೇ ಅದು?" ಅಂದ. ಅವನಿಗೆ ಓದಲು ಕನ್ನಡಕ ಬೇಕು. ನನಗೆ ಬೇಕಾಗಿಲ್ಲ. ನಾನು ಓದಿದೆ.

ಏನೆಂದು ಬರೆದಿದ್ದೀರಿ ಸ್ವಾಮಿ! "ಗುರುವಾರ ಸಂಜೆ ಐದಕ್ಕೆ: ನಿಜವಾದ ನೂಬಿಯನ್ ಮದುವೆ. ಮದುಮಗಳಿಗೆ ಮೆಹಂದಿ ಹಚ್ಚುವುದನ್ನು ಹತ್ತಿರದಿಂದ ನೋಡಿ, ಮನೆಯವರೊಂದಿಗೆ ಕುಣಿಯಿರಿ, ಅವರ ಅಡುಗೆಯ ರುಚಿ ನೋಡಿ. ಆರಾಮದ ಚಪ್ಪಲಿ ಇರಲಿ. ಸೊಳ್ಳೆ ಔಷಧ ಮರೆಯಬೇಡಿ." ಮೇಲ್ಗಡೆ ಸಮಾಧಿಗುಡ್ಡ, ಕೆಳಗಡೆ ಒಂಟೆ ಸವಾರಿ, ನಡುವೆ ನನ್ನ ಮಗಳು. ಪಕ್ಕದಲ್ಲಿ ಅವಳ ಚಿತ್ರ ಬೇರೆ. ಕಳೆದ ಹಬ್ಬಕ್ಕೆ ಬಂದಾಗ ನೀಲಿ ಬಾಗಿಲ ಮುಂದೆ ನಿಲ್ಲಿಸಿ ನೀವೇ ತೆಗೆದ ಚಿತ್ರ. ಅಪ್ಪ ಕೈರೋದ ಮನೆಯ ಗೋಡೆಗೆ ಹಾಕಿಕೊಳ್ಳುತ್ತಾರೆ ಅಂತ ಆ ಹುಡುಗಿ ಅಜ್ಜಿಯ ಚಿನ್ನವನ್ನೆಲ್ಲ ಹೇರಿಕೊಂಡು ಬಿಸಿಲಲ್ಲಿ ನಿಂತಿದ್ದಳು. ಅದು ಸೊಳ್ಳೆ ಔಷಧದ ಪಕ್ಕಕ್ಕೆ ಹೋಗಿ ಕೂತಿತು.

ಹೊರಗಿನವನೊಬ್ಬ ಇದನ್ನು ಬರೆದಿದ್ದರೆ, ಪಾಪ ತಿಳಿಯದವನು ಎಂದು ಬಿಡುತ್ತಿದ್ದೆ. ನೀವು ಈ ಊರಿನಲ್ಲಿ ಹುಟ್ಟಿದವರು. ನಮ್ಮ ನೂಬಿಯನ್ ಜನರಲ್ಲಿ ಮದುವೆಗೆ ಕರೆಯೋಲೆ ಇಲ್ಲ, ಮದುವೆ ಮನೆಗೆ ಬಾಗಿಲೇ ಇಲ್ಲ. ಬಂದವನು ಯಾರೇ ಆಗಲಿ, ಯಾರಪ್ಪಾ ನೀನು ಎಂದು ಕೇಳಿದರೆ ಆ ಮನೆಯ ಮಾನ ಅಲ್ಲಿಗೆ ಮುಗಿಯಿತು. ಬಂದವರಿಗೆ ಚಾಪೆ ಹಾಸಬೇಕು, ತಟ್ಟೆ ಇಡಬೇಕು, ಹೋಗುವಾಗ ಕೈಗೆ ಖರ್ಜೂರ ಕೊಡಬೇಕು. ಇದು ಗೊತ್ತಿದ್ದೇ ಬರೆದಿರಿ. ದಹೀಬಾ ಎಷ್ಟೇ ಜಗಳಗಂಟಿಯಾದರೂ ಮದುವೆ ದಿನ ಬಾಗಿಲಲ್ಲಿ ನಿಂತು ಯಾರನ್ನೂ ಅಟ್ಟಲಾರಳು, ತುಟಿ ಕಚ್ಚಿಕೊಂಡು ಬಡಿಸುತ್ತಾಳೆ ಎಂದು ಅಂದಾಜು ಮಾಡಿಯೇ ಬರೆದಿರಿ. ನಮ್ಮ ಪದ್ಧತಿಯನ್ನೇ ನಮ್ಮ ಕೊರಳಿಗೆ ಹಗ್ಗ ಮಾಡಿದಿರಿ. ಎಂಥ ಬುದ್ಧಿ ನಿಮ್ಮದು!

ಇನ್ನು ದಿನಾಂಕದ ವಿಷಯ. ಮದುವೆ ಗೊತ್ತಾಗಿದ್ದು ಕಳೆದ ಗುರುವಾರಕ್ಕೆ. ಹುಡುಗನ ಕಡೆಯವರೂ ನಾವೂ ಕೂತು, ಸಿಹಿ ತಿಂದು ಗೊತ್ತು ಮಾಡಿದ ದಿನ. ಆಮೇಲೆ ನೀವು ಫೋನು ಮಾಡಿ, ಕಂಪನಿಯಲ್ಲಿ ರಜೆ ಸಿಗುತ್ತಿಲ್ಲ, ಒಂದು ವಾರ ಮುಂದೆ ಹಾಕಿ, ಮಗಳ ನಿಕಾಹಿಗೆ ನಾನಿಲ್ಲದಿದ್ದರೆ ಹೇಗೆ ಎಂದಿರಿ. ನಾನು ನಂಬಿದೆ. ಇಷ್ಟು ವರ್ಷ ನಿಮ್ಮೊಂದಿಗೆ ಬಾಳಿ, ಬಾಳದೆ, ಮತ್ತೂ ನಂಬಿದೆನಲ್ಲ, ಬೈಯುವುದಾದರೆ ಮೊದಲು ನನಗೇ ಬೈದುಕೊಳ್ಳಬೇಕು.

ಹುಡುಗನ ತಾಯಿ ಹಮೀದಾಳ ಬಾಯಿ ನಿಮಗೆ ಗೊತ್ತಲ್ಲ. ದಿನ ಮುಂದೆ ಹಾಕೋಣ ಎಂದು ಕೇಳಲು ಹೋದಾಗ ನನ್ನನ್ನು ಅಂಗಳದಲ್ಲೇ ನಿಲ್ಲಿಸಿಕೊಂಡಳು. "ನಿನ್ನ ಗಂಡನ ರಜೆಗೆ ನನ್ನ ಮದುವೆ ಕುರಿ ಕಾಯಬೇಕೇನೇ? ಅದು ಆಗಲೇ ನನ್ನ ಅರ್ಧ ಮನೆ ಮೇದಿದೆ, ಇನ್ನೊಂದು ವಾರ ಬಿಟ್ಟರೆ ಬಾಗಿಲೂ ಮೇಯುತ್ತೆ. ವರ್ಷಗಟ್ಟಲೆ ಮನೆ ಬಿಟ್ಟಿರೋನಿಗೆ ಒಂದು ದಿನ ಬರೋಕೆ ಇಷ್ಟು ಸೊಕ್ಕಾ?" ಅಂತ ಊರಿಗೆ ಕೇಳುವ ಹಾಗೆ ಕೂಗಿದಳು. ನಾನು ತಲೆ ತಗ್ಗಿಸಿ ನಿಂತು, ನಿಮ್ಮ ಪರವಾಗಿ ಮಾತಾಡಿದೆ. ನಿಮ್ಮ ಪರವಾಗಿ! ಕೆಲಸದ ಒತ್ತಡ ಕಣಕ್ಕಾ, ದೊಡ್ಡ ಜವಾಬ್ದಾರಿ, ಅವರೇನು ಬೇಕಂತ ಮಾಡ್ತಾರಾ ಅಂತೆಲ್ಲ ಹೇಳಿ ಒಪ್ಪಿಸಿ ಬಂದೆ. ಆ ಮಾತುಗಳನ್ನು ನೆನೆದರೆ ಈಗಲೂ ಬಾಯಿ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ಮಗಳು ನಬ್ರಾಳಿಗೆ ಬೇಕಾಗಿದ್ದುದು ಒಂದೇ. ಚಿನ್ನ ಕೇಳಲಿಲ್ಲ, ಬಟ್ಟೆ ಕೇಳಲಿಲ್ಲ. ಕಾಜಿಯ ಎದುರು ಅಪ್ಪ ಕೂತು, ಅಪ್ಪನ ಬಾಯಿಂದಲೇ "ನನ್ನ ಮಗಳನ್ನು ಕೊಟ್ಟಿದ್ದೇನೆ" ಎಂಬ ಮಾತು ಬರಬೇಕು. ಅಷ್ಟೇ. ದಿನ ಮುಂದೆ ಹೋಯಿತು ಎಂದಾಗ ಮದುಮಗ ಇದ್ರೀಸ್ ಮುಖ ಸಣ್ಣ ಮಾಡಿದ. ಅಣೆಕಟ್ಟಿನ ಹಿಂದಿನ ಸರೋವರದಲ್ಲಿ ಮೀನು ಹಿಡಿಯುವ ಹುಡುಗ, ಗುಂಪಿನವರನ್ನು ಬಿಟ್ಟು ಮದುವೆಗೆಂದೇ ಬಂದಿದ್ದ. ಇವಳೇ ಅವನಿಗೆ ಸಮಾಧಾನ ಹೇಳಿದಳು. "ಅಪ್ಪ ಬರ್ತೀನಿ ಅಂದಿದಾರೆ, ಒಂದು ವಾರ ಏನು ಮಹಾ" ಅಂದಳು. ಆ ಮುಖವನ್ನು ನೀವು ನೋಡಿದ್ದರೆ ಹಾಳೆ ಬರೆಯುವ ಕೈ ಸ್ವಲ್ಪ ತಡೆಯುತ್ತಿತ್ತೋ ಏನೋ. ನಿಮ್ಮ ಕೈಯ ವಿಷಯದಲ್ಲಿ ನಾನು ಏನನ್ನೂ ಖಚಿತವಾಗಿ ಹೇಳಲಾರೆ.

ರಜೆ ಸಿಗದಿದ್ದುದು ಸುಳ್ಳು. ಸಮ್ಮೇಳನವನ್ನು ಹಾಕಿಕೊಂಡ ವಾರಕ್ಕೆ ಮದುವೆಯನ್ನು ಎಳೆದು ಕೂರಿಸಿದಿರಿ. ಕಂಪನಿಯವರ ಮುಂದೆ, ನನ್ನೂರಿನಲ್ಲಿ ಒಂದು ಮದುವೆಯಿದೆ, ಬೇರೆ ಯಾವ ಕಂಪನಿಯೂ ತೋರಿಸಲಾರದ್ದನ್ನು ತೋರಿಸುತ್ತೇನೆ ಎಂದು ಎದೆ ಉಬ್ಬಿಸಿರುತ್ತೀರಿ. ಅದು ಯಾರ ಮದುವೆ ಎಂದು ಅವರಿಗೆ ಹೇಳಿದ್ದೀರಾ? ಮದುಮಗಳ ಅಪ್ಪ ನಾನೇ ಎಂದು ಹೇಳಿದ್ದೀರಾ? ಇಲ್ಲ ಎಂದು ನನಗೆ ಗೊತ್ತು. ಆಮೇಲೆ ಶಾಝ್ಲಿ ಮತ್ತೆ ಹೋಟೆಲಿಗೆ ಹೋಗಿ ಕೇಳಿದನಂತೆ, "ಮದುವೆ ಯಾರ ಮನೇದು ಸಾರ್" ಅಂತ. "ಅಲ್ಲಿಯ ಒಂದು ಹಳ್ಳಿ ಮನೆಯದು, ಮುಖ್ತಾರ್ ಸಾಹೇಬರಿಗೆ ಗುರುತಿನವರು" ಎಂದರಂತೆ. ಗುರುತಿನವರು! ನಿಮ್ಮ ತಾಯಿಗೆ ಕೊನೆಯ ನೀರು ಬಿಟ್ಟವಳು ನಾನು, ಈಗ ಗುರುತಿನವಳು.

ಇರಲಿ. ಅತಿಥಿಗಳಿಗೆ ಸಲಹೆ ಕೊಡುವುದು ನಿಮ್ಮ ಕಸುಬಾದರೆ ನಾನೂ ಕೊಡುತ್ತೇನೆ. ಗುರುವಾರ ಸಂಜೆ ಅವರನ್ನು ಎಲ್ಲಿಗೆ ಕರೆದೊಯ್ಯಬೇಕೆಂದು ಕೇಳಿಕೊಳ್ಳಿ.

ಕಲ್ಲುಗಣಿಯಲ್ಲಿ ಅರ್ಧಕ್ಕೆ ಬಿಟ್ಟ ಆ ದೊಡ್ಡ ಕಂಬಕ್ಕೆ ಕರೆದುಕೊಂಡು ಹೋಗಿ. ಬಿರುಕು ಕಂಡಿತೆಂದು ಹಾಗೇ ಮಲಗಿಸಿ ಎದ್ದು ಹೋದರಂತೆ ಆ ಕಾಲದವರು. ಅದರ ಮುಂದೆ ನಿಂತು ವಿವರಿಸಲು ನಿಮಗಿಂತ ಯೋಗ್ಯರು ಈ ಸೀಮೆಯಲ್ಲಿಲ್ಲ. ಶುರು ಮಾಡಿದ್ದನ್ನು ಬಿಟ್ಟು ಹೋಗುವುದು ಹೇಗೆಂದು ಮನಸ್ಸಿನಿಂದ ಹೇಳಬಲ್ಲಿರಿ. ಬಿಸಿಲು ತಾಳಲಾರೆವು ಎಂದರೆ ದ್ವೀಪದ ತೋಟಕ್ಕೆ ಕಳಿಸಿ. ದೂರ ದೇಶಗಳ ಮರ ತಂದು ನೆಟ್ಟಿದ್ದಾರೆ, ಪ್ರತಿ ಮರಕ್ಕೂ ಹೆಸರಿನ ಹಲಗೆಯಿದೆ, ಮರಗಳು ಎಷ್ಟು ಹೊತ್ತು ನೋಡಿದರೂ ನಾಚಿಕೊಳ್ಳುವುದಿಲ್ಲ. ಪೇಟೆಗೆ ಹೋದರೆ ಸುಗಂಧದ ಅಂಗಡಿಯವರು ಕೈ ಹಿಡಿದು ಎಳೆಯುತ್ತಾರೆ, ಕೇಸರಿ ಅಂತ ಕುಸುಬೆ ಹೂ ಕೊಡುತ್ತಾರೆ. ಮೂಸಿ ನೋಡಿ ಕೊಳ್ಳಲು ಹೇಳಿ. ದಾಸವಾಳದ ಒಣ ಹೂವು ಮಾತ್ರ ಕಣ್ಣು ಮುಚ್ಚಿ ಕೊಳ್ಳಬಹುದು. ನೀರಾಟ ಬೇಕಾದರೆ ಹಾಯಿದೋಣಿ ಹತ್ತಿಸಿ, ಆದರೆ ಗಾಳಿ ಬೀಳುವ ಹೊತ್ತಿನಲ್ಲಿ ಬೇಡ. ನಡುನೀರಿನಲ್ಲಿ ನಿಂತುಬಿಡುತ್ತದೆ, ಆಮೇಲೆ ಡಾಕ್ಟರರೇ ಹುಟ್ಟು ಹಾಕಬೇಕಾಗುತ್ತದೆ. ಮೊಸಳೆ ನೋಡಲೇಬೇಕೆಂದು ಹಟ ಹಿಡಿದರೆ ಕೆಳಗಿನ ಬೀದಿಯ ಮನೆಯಲ್ಲಿ ತೊಟ್ಟಿಯೊಳಗೆ ಒಂದನ್ನು ಸಾಕಿದ್ದಾರೆ. ಹಲ್ಲಿನ ಡಾಕ್ಟರರಿಗೆ ಅದಕ್ಕಿಂತ ಒಳ್ಳೆಯ ಬಾಯಿ ಎಲ್ಲಿ ಸಿಗುತ್ತದೆ?

ಈ ಊರಿನಲ್ಲಿ ನೋಡಲು ಏನು ಕಡಿಮೆಯಾಗಿತ್ತು ಹೇಳಿ. ನದಿಯಿದೆ, ಗುಡ್ಡವಿದೆ, ಮರಳಿದೆ, ದೇವಸ್ಥಾನಗಳಿವೆ, ಸತ್ತು ಸಾವಿರಾರು ವರ್ಷವಾದ ಸರದಾರರಿದ್ದಾರೆ. ಇವೆಲ್ಲ ಸಾಲದೆ ನಮ್ಮ ಮಗಳ ಅಂಗೈಯೂ ಬೇಕಾಯಿತೇ?

ಅತಿಥಿಗಳ ಮೇಲೆ ನನಗೆ ಕೋಪವಿಲ್ಲ. ಅವರು ದೂರದಿಂದ ಬಂದವರು, ಹಾಳೆಯಲ್ಲಿ ಇದ್ದುದನ್ನು ನಂಬುತ್ತಾರೆ. ಇಷ್ಟು ಹೇಳಿದ ಮೇಲೂ ನೀವು ಅವರನ್ನು ಗುರುವಾರ ದೋಣಿ ಹತ್ತಿಸಿದರೆ ಬರಲಿ. ಶಾಝ್ಲಿ ದೋಣಿ ಬಿಡುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ. ಚಾಪೆ ಹಾಸುತ್ತೇನೆ, ಅನ್ನ ಮಾಂಸ ಬಡಿಸುತ್ತೇನೆ, ಖರ್ಜೂರವನ್ನೂ ಕೊಡುತ್ತೇನೆ. ನನ್ನ ಮನೆಯಿಂದ ಯಾರೂ ಹಸಿದು ಹೋಗಿಲ್ಲ. ಆದರೆ ಮದುವೆ ಎಲ್ಲಿ ಎಂದು ಅವರು ಕೇಳಿದರೆ ಉತ್ತರ ಹೇಳುವವರು ನೀವು. ಅದಕ್ಕೆ ಒಳ್ಳೆಯ ಮಾತುಗಳನ್ನು ಈಗಿನಿಂದಲೇ ಹೊಂದಿಸಿಟ್ಟುಕೊಳ್ಳಿ.

ಇಷ್ಟು ವರ್ಷ ಬಿಡುಗಡೆಯನ್ನೂ ಕೊಡದೆ, ಬಾಳ್ವೆಯನ್ನೂ ಕೊಡದೆ ನನ್ನನ್ನು ದಡದಲ್ಲಿ ಕೂರಿಸಿದಿರಿ. ನಬ್ರಾಳ ಮದುವೆ ಆಗಲಿ ಎಂದು ನಾನೂ ಸುಮ್ಮನಿದ್ದೆ. ತಂದೆ ತಾಯಿ ಬೇರೆಯಾದ ಮನೆಯ ಹುಡುಗಿ ಎಂದು ಅವಳನ್ನು ಯಾರೂ ಅನ್ನಬಾರದು ಅಂತ. ಇನ್ನು ಆ ಚಿಂತೆಯಿಲ್ಲ. ಸಮ್ಮೇಳನ ಮುಗಿದ ಮೇಲೆ ತಲಾಖಿನ ಕಾಗದ ಕಳಿಸಿ. ನಾನೇನೂ ಅಳುವುದಿಲ್ಲ.

ನಿಮಗೆ ಗುರುತಿನ ಒಂದು ಹಳ್ಳಿ ಮನೆಯವಳು,
ದಹೀಬಾ

ತಾ.ಕ.: ಮದುವೆ ಆಗಿಹೋಗಿದೆ. ಕಳೆದ ಗುರುವಾರವೇ, ಮೊದಲು ಗೊತ್ತು ಮಾಡಿದ ದಿನವೇ. ನಿಮಗೆ ತಿಳಿಯದಂತೆ ಊರಿಗೆ ಊರೇ ಬಾಯಿ ಕಟ್ಟಿಕೊಂಡಿತು, ಹಮೀದಾ ಕೂಡ. ಮರುದಿನ ನೀವು ಫೋನು ಮಾಡಿ "ಎಲ್ಲಾ ತಯಾರಾ ಮಗಳೇ" ಅಂದಾಗ ಅವಳು ಗಂಡನ ಮನೆಯಲ್ಲಿ ಕೂತು "ತಯಾರು ಅಪ್ಪಾ" ಎಂದಳು. ಅವಳನ್ನು ಬೈಯಬೇಡಿ. ತೀರ್ಮಾನ ನನ್ನದು. ನಿಮ್ಮ ಹಾಳೆಯನ್ನು ಅವಳ ಮುಂದೆ ಇಟ್ಟಾಗ ಸಿಟ್ಟಾಗುತ್ತಾಳೆ, ಹರಿದು ಬಿಸಾಡುತ್ತಾಳೆ ಎಂದುಕೊಂಡಿದ್ದೆ. ಪೂರ್ತಿ ಓದಿದಳು. ಆಮೇಲೆ, "ಇರಲಿ ಬಿಡಮ್ಮ, ಅವರೆಲ್ಲ ಬಂದು ನೋಡ್ಕೊಂಡು ಹೋಗ್ಲಿ. ಅವರ ಜೊತೆ ಅಪ್ಪನೂ ಬರ್ತಾರಲ್ಲ" ಅಂದಳು. ಆ ಮಾತು ಕೇಳಿದ ಮೇಲೆ ನನ್ನಿಂದ ಕಾಯಲಾಗಲಿಲ್ಲ. ಅಂದೇ ಹೋಗಿ ಹಮೀದಾಳ ಜೊತೆ ಹಳೆಯ ದಿನವನ್ನೇ ಗಟ್ಟಿ ಮಾಡಿ ಬಂದೆ. ಕಾಜಿ "ಹುಡುಗಿಯ ತಂದೆ ಎಲ್ಲಿ" ಎಂದಾಗ ಶಾಝ್ಲಿ ಮುಂದೆ ಬಂದು ಕೂತು ಇದ್ರೀಸನ ಕೈಗೆ ಕೈ ಕೊಟ್ಟ. ಒಳಗೆ ಹೆಂಗಸರ ನಡುವೆ ಇದ್ದ ನಬ್ರಾ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಏನು ನೋಡ್ತಿದೀಯೇ ಅಂತ ಕೇಳಿದೆ. "ಯಾವುದೋ ದೋಣಿ ಬಂದ ಹಾಗಾಯ್ತು" ಅಂದಳು. ನಿಮಗೆ ಹೇಳದೆಯೇ ಮಾಡಿದ ಮದುವೆಗೂ ನೀವು ಬರಬಹುದು ಎಂದು ಕಾಯುತ್ತಿದ್ದಳು. ಅದಕ್ಕಾಗಿ ನಿಮ್ಮನ್ನು ಸಾಯುವವರೆಗೂ ಕ್ಷಮಿಸುವುದಿಲ್ಲ.