ದವಡೆಗೊಂದು ಕಿಟಕಿ

ಚಿಕ್ಕಮಗಳೂರು,
11 ಮಾರ್ಚ್ 2025, ಮಧ್ಯಾಹ್ನ

ಪ್ರೀತಿಯ ನಾಗಕ್ಕಾ,

ಹೇಗಿದ್ದೀಯ? ಭಾವನ ಮಂಡಿನೋವು ಇಳಿಯಿತೇ? ಕಳಸದ ಕಡೆ ಮೋಡ ಕಟ್ಟಿದೆಯಂತೆ. ಹೂಮಳೆ ಬಿದ್ದು ಕಾಫಿ ಗಿಡ ಅರಳಿದ ಮೇಲಾದರೂ ನಿನಗೆ ನಿದ್ದೆ ಬಂದೀತು. ನಿನ್ನ ಎಡಗೆನ್ನೆ ಹೇಗಿದೆ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು, ಆದರೆ ಇವತ್ತು ನಾನು ಮಾತಾಡುವಂತಿಲ್ಲ. ಬಾಯಲ್ಲಿ ಹತ್ತಿ ಇದೆ, ಕೆಳತುಟಿ ಜೋಮು ಹಿಡಿದಿದೆ. ಗಾಬರಿಯಾಗಬೇಡ, ಮೊದಲಿನಿಂದ ಹೇಳುತ್ತೇನೆ.

ಅಮ್ಮ ಬಂದವರ ಮುಂದೆಲ್ಲ ಹೇಳುತ್ತಿದ್ದಳಲ್ಲ, “ನನ್ನ ಹೆಣ್ಮಕ್ಕಳಿಬ್ರಿಗೂ ಒಂದೊಂದು ಹಾಲುಹಲ್ಲು ಹಾಗೇ ಉಳ್ಕೊಂಡಿದೆ, ಇವ್ರಿಗೆ ಮುಪ್ಪೇ ಬರಲ್ಲ ನೋಡಿ” ಎಂದು. ನನ್ನ ಆ ಹಲ್ಲು ಕೊಯ್ಲಿನ ಹೊತ್ತಿಗೆ ಅಲುಗಾಡತೊಡಗಿತು. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜದ ದರ್ಜೆ ತಿಳಿಯಲು ಕಾಫಿಯ ರುಚಿ ನೋಡುವಾಗ, ಚಮಚವನ್ನು ತುಟಿಗಿಟ್ಟು ಸರ್ರನೆ ಎಳೆದುಕೊಂಡಾಗೆಲ್ಲ, ಒಳಗೆ ಏನೋ ಮಿಸುಕಿದಂತಾಗುತ್ತಿತ್ತು. ನಾನೂ ನಮ್ಮ ಮನೆಯ ಮಾತನ್ನೇ ಹೇಳಿಕೊಂಡೆ: ಕೊಯ್ಲು ಮುಗಿಯಲಿ, ಕಣ ಖಾಲಿಯಾಗಲಿ. ನಮ್ಮಲ್ಲಿ ಜ್ವರ ಕೂಡ ಕಾಫಿಯನ್ನು ಕೇಳಿಕೊಂಡೇ ಬರಬೇಕಿತ್ತಲ್ಲವೇ?

ಕೊನೆಗೆ ಹೋದಾಗ ಹಲ್ಲಿನ ಡಾಕ್ಟರ್ ಯಶೋದಾ ಇಡೀ ದವಡೆಯ ಎಕ್ಸ್‌ರೇ ತೆಗೆಸಿದರು. ಗಲ್ಲವನ್ನು ಒಂದು ಕಟ್ಟೆಯ ಮೇಲಿಟ್ಟು ನಿಂತೆ. ಯಂತ್ರ ಗುಂಯ್‌ಗುಡುತ್ತ ತಲೆಯ ಸುತ್ತ ಮೆಲ್ಲಗೆ ಬಂತು, ಯಾರೋ ಆರತಿ ಎತ್ತಿದ ಹಾಗೆ. ಚಿತ್ರದಲ್ಲಿ ಹಾಲುಹಲ್ಲಿನ ಕೆಳಗೆ, ಮೂಳೆಯೊಳಗೆ, ಅದರ ಜಾಗಕ್ಕೆ ಬರಬೇಕಿದ್ದ ಹಲ್ಲು ಅಡ್ಡಲಾಗಿ ಮಲಗಿತ್ತು. ಹುಟ್ಟದೆಯೇ ನನ್ನ ಜೊತೆ ಶಾಲೆಗೆ ಬಂದಿದೆ, ಮದುವೆಯಲ್ಲಿ ನಿಂತಿದೆ. ಎಷ್ಟೋ ಹೊತ್ತು ಅದನ್ನೇ ನೋಡುತ್ತ ಕುಳಿತೆ. ಆಮೇಲಷ್ಟೇ ಅದರ ಸುತ್ತ ಕಪ್ಪಗೆ ಹರಡಿದ್ದುದು ಕಣ್ಣಿಗೆ ಬಿತ್ತು. ಅದು ನೀರು ತುಂಬಿದ ಚೀಲವಂತೆ. ಸದ್ದಿಲ್ಲದೆ ಬೆಳೆದು ದವಡೆಯ ಮೂಳೆಯನ್ನು ತೆಳುವಾಗಿಸಿದೆ. ಪಕ್ಕದಲ್ಲೇ ತುಟಿಯ ನರ.

ದಾರಿ ಎರಡಿತ್ತು. ಹಲ್ಲು, ಚೀಲ ಎರಡನ್ನೂ ಒಂದೇ ಸಲಕ್ಕೆ ತೆಗೆಯುವುದು. ಆದರೆ ನರಕ್ಕೆ ಪೆಟ್ಟಾದರೆ ಕೆಳತುಟಿಯ ಸ್ಪರ್ಶವೇ ಹೋಗಬಹುದು. ಕಾಫಿ ತುಟಿಯಿಂದ ಸುರಿದದ್ದೂ ತಿಳಿಯದವಳು ಏನು ರುಚಿ ನೋಡಿಯಾಳು? ಇನ್ನೊಂದು, ಚೀಲಕ್ಕೆ ಸಣ್ಣ ಕಿಂಡಿ ಕೊರೆದು, ತಿಂಗಳುಗಟ್ಟಲೆ ತೊಳೆಯುತ್ತ ಅದನ್ನು ಕುಗ್ಗಿಸಿ, ಮೂಳೆ ತುಂಬಿಕೊಂಡ ಮೇಲೆ ಹಲ್ಲನ್ನು ತೆಗೆಯುವುದು. “ಈಗ ಕಿಟಕಿ ಇಡ್ತೀನಿ ಅಷ್ಟೆ, ಗೋಡೆ ಒಡೆಯಲ್ಲ” ಎಂದರು ಡಾಕ್ಟರು. ನಾನು ಕಿಟಕಿಯನ್ನೇ ಆರಿಸಿದೆ. ಆಮೇಲೆ ಅನುಮಾನ ಹತ್ತಿತು: ಇದು ವಿವೇಕವೋ, ನಮ್ಮ ಮನೆಯ ಮುಂದೂಡುವ ಚಾಳಿಯೋ? ಕೇಳಿಯೂಬಿಟ್ಟೆ. ಅವರು ನಕ್ಕರು. “ಸುಮ್ನೆ ಕಾಯೋದು ಬೇರೆ ಭುವನಾ ಅವ್ರೇ, ದಿನಾ ತೊಳೆದು ಕಾಯೋದು ಬೇರೆ.”

ಇವತ್ತು ಬೆಳಿಗ್ಗೆ ಅದು ಮುಗಿಯಿತು, ಹಾಲುಹಲ್ಲೂ ಹೋಯಿತು. ಸಂಜೆಯೊಳಗೆ ಜೋಮು ಇಳಿಯಬೇಕು, ಇಳಿಯದಿದ್ದರೆ ಫೋನ್ ಮಾಡಿ ಎಂದಿದ್ದಾರೆ. ಕಿಟಕಿಯ ಬಳಿ ಕುಳಿತಿದ್ದೇನೆ. ಬಿಸಿಲು ಬೆಟ್ಟದ ಮೇಲಿಂದ ನಿಧಾನವಾಗಿ ಸರಿಯುತ್ತಿದೆ. ನನ್ನ ಮುಖದ ಅರ್ಧ ಬೇರೆ ಯಾರದ್ದೋ ಅನ್ನಿಸುತ್ತಿದೆ. ರುಚಿ ನೋಡುವ ನನ್ನ ಚಮಚ ಪಕ್ಕದಲ್ಲೇ ಇದೆ. ಆಗಾಗ ಅದನ್ನು ತುಟಿಗೆ ಮುಟ್ಟಿಸುತ್ತೇನೆ. ಮುಟ್ಟಿದ್ದು ಕಾಣುತ್ತದೆ, ತಿಳಿಯುವುದಿಲ್ಲ. ಬರೆಯುತ್ತಿದ್ದರೆ ಹೊತ್ತು ಹೋಗುತ್ತದೆ, ಅದಕ್ಕೇ ಇಷ್ಟುದ್ದ.

ಭಾವನಿಗೆ ನಮಸ್ಕಾರ ಹೇಳು. ನಿನ್ನ ಕೈಯ ತಿಳಿಸಾರನ್ನು ನೆನೆಯುತ್ತ,

ನಿನ್ನ
ಭುವನಾ

ತಾ.ಕ.: ಅಕ್ಕಾ, ಈಗಷ್ಟೇ ಚಮಚದ ಅಂಚು ತಣ್ಣಗೆ ತಾಗಿತು! ತುಟಿಯ ಎಡತುದಿಯಲ್ಲಿ, ಇರುವೆ ಹರಿದ ಹಾಗೆ. ಕಣ್ಣೀರು ಬಂತು. ಅದು ಗಲ್ಲಕ್ಕೆ ಇಳಿದದ್ದೂ ತಿಳಿಯಿತು.

ಇನ್ನೊಂದು ಮಾತು, ನಿಜಕ್ಕೂ ಇದಕ್ಕೇ ಬರೆದದ್ದು. ಶಿವರಾತ್ರಿಗೆ ನಾನು ಅಲ್ಲಿಗೆ ಬಂದಾಗ ನಿನ್ನ ಕೆನ್ನೆ ಉಬ್ಬಿದ್ದನ್ನು ನೋಡಿದೆ. “ಚಳಿಗೆ ಊದಿದೆ ಮಾರಾಯ್ತಿ, ಹೂಮಳೆ ಬೀಳ್ಲಿ, ಆಮೇಲೆ ನೋಡಣ” ಎಂದೆ ನೀನು. ಹಾಲುಹಲ್ಲು ಉಳಿದದ್ದು ಇಬ್ಬರಿಗೂ, ಅದೇ ಎಡಗಡೆ. ನಮ್ಮ ವರ್ಕ್ಸ್‌ನ ಜೀಪಿನ ಸಿದ್ದಬಸಪ್ಪ ನಾಳೆ ಕಾಫಿಯ ಸ್ಯಾಂಪಲ್ ತರಲು ಕಳಸಕ್ಕೆ ಬರುತ್ತಾನೆ. ಈ ಕಾಗದ ಅವನ ಕೈಯಲ್ಲೇ. ಒಳಗಿನ ಪೊಟ್ಟಣದಲ್ಲಿ ನನ್ನ ಹಾಲುಹಲ್ಲಿದೆ. ಇಲ್ಲಿ ನಮ್ಮದು ತಾರಸಿ ಮನೆ. ಚಿಕ್ಕಂದಿನಲ್ಲಿ ಅಮ್ಮ ಮಾಡಿಸುತ್ತಿದ್ದಂತೆ ಸಗಣಿಯುಂಡೆಯಲ್ಲಿಟ್ಟು ನಿಮ್ಮ ಹೆಂಚಿನ ಮೇಲೆ ಎಸೆ. ಕೈ ತೊಳೆದುಕೊಂಡು ಅದೇ ಜೀಪು ಹತ್ತಿ ಬಾ. ಡಾಕ್ಟರಿಗೆ ಹೇಳಿಟ್ಟಿದ್ದೇನೆ. ಮಳೆ ಬರಲಿ, ಬಿಡಲಿ, ನಿನ್ನನ್ನು ಕೂರಿಸಿಕೊಳ್ಳದೆ ಸಿದ್ದಬಸಪ್ಪ ಹೊರಡುವುದಿಲ್ಲ.