ಕದಡದ ನೀರು

ಮಾರ್ಚ್ 4
ಲ್ಯಾಬಿನಲ್ಲಿ ಮತ್ತೆ ಆಸಿಡ್ ಡಬ್ಬಿಗಳ ಕೆಲಸ. ಮೂಳೆಯಲ್ಲಿನ ಸುಣ್ಣದ ಲವಣ ಕರಗದೆ ಸ್ಲೈಡಿಗೆ ತೆಳುವಾಗಿ ಕೊಯ್ಯಲು ಬ್ಲೇಡ್ ಓಡುವುದಿಲ್ಲ. ಇವತ್ತು ರೋಗಿಗಳಿಂದ ತೆಗೆದ ನಾಲ್ಕು ಚೂರು. ಮೂರನೆಯದು ತಂಗಿಯದು — ಸೊಂಟದ ಮೂಳೆ, ಬೆಂಕಿಕಡ್ಡಿಯಷ್ಟು. ಡಾಕ್ಟರಿಗೆ ಕ್ಯಾನ್ಸರ್ ಅನುಮಾನ. ಬೇರೆಯವರ ಕೈಗೆ ಕೊಡಬಹುದಿತ್ತು. ಕೊಡಲಿಲ್ಲ.

ಅಮ್ಮನ ಫೋನ್. "ನಿನ್ನ ಕೈಯಲ್ಲೇ ಇದ್ಯಲ್ಲ, ಇವತ್ತೇ ಹೇಳ್ಬಿಡೇ."

"ನಾಲ್ಕು ದಿನ ನೆನೀಬೇಕಮ್ಮ."

"ನಿಂದು ಯಾವಾಗ್ಲೂ ಆಮೆ ನಡಿಗೆ!"

ಸ್ಟ್ರಾಂಗ್ ಆಸಿಡ್ ಹಾಕಿದರೆ ಒಂದೇ ದಿನ. ಆದರೆ ಜೀವಕೋಶವೂ ಹಾಳು. ಹಾಕಲಿಲ್ಲ.

ಮಾರ್ಚ್ 5, ಬೆಳಿಗ್ಗೆ
ಪರೀಕ್ಷೆ. ರಾತ್ರಿ ಹೊಸದಾಗಿ ಬದಲಿಸಿದ ಆಸಿಡ್ ನೀರಿಗೆ ಆಕ್ಸಲೇಟ್ ಅನ್ನೋ ರಾಸಾಯನಿಕ ಬಿಟ್ಟಾಗ, ಮೂಳೆ ಇನ್ನೂ ಲವಣ ಬಿಡುತ್ತಿದ್ದರೆ ನೀರು ಹಾಲಿನಂತೆ ಕದಡುತ್ತದೆ. ಮೂರು ಕದಡಿದವು. ತಂಗಿಯದು ತಿಳಿ. ಅಂದರೆ ಒಂದೇ ದಿನಕ್ಕೆ ಲವಣ ಖಾಲಿ.

ಬಾಟಲಿಗಳ ಶೆಲ್ಫಿಗೆ ಓಡಿದೆ. ಕೈ ತಪ್ಪಿ ಸ್ಟ್ರಾಂಗ್ ಆಸಿಡ್ ಸುರಿದೆನಾ? ಆ ಬಾಟಲಿಯ ಸೀಲ್ ಹಾಗೇ ಇದೆ. ಮತ್ತೆ ಹೇಗೆ?

ಸಂಜೆ
ತಂಗಿಯ ಫೋನ್: "ಅಕ್ಕಾ, ನನ್ನ ಮೂಳೆ ಹೇಗಿದೆ?"

"ನಿನ್ನ ಹಾಗೇ. ಮೆತ್ತಗೆ."

ನಕ್ಕಳು. ನಕ್ಕರೂ ಪಕ್ಕೆ ನೋವಂತೆ. ಆಮೇಲೆ, ಮಕ್ಕಳನ್ನು ನೀನು ನೋಡ್ಕೋತೀಯಾ ಅಂದಳು. ಬೈದೆ. ಭಯವಾಗಿತ್ತು.

ಮಾರ್ಚ್ 7
ಸ್ಲೈಡ್ ನೋಡಿ ಡಾಕ್ಟರ್ ಅಂದರು: "ಕ್ಯಾನ್ಸರ್ ಇಲ್ಲಮ್ಮ. ಮತ್ತೆ ನೋವು ಯಾಕೆ?"

ನೀರು ಕದಡದ ವಿಷಯ ಹೇಳಿದೆ. ಕನ್ನಡಕ ತೆಗೆದರು. "ಒಂದೇ ದಿನಕ್ಕಾ? ಹಾಗಾದ್ರೆ ಕರಗೋಕೆ ಅಲ್ಲಿ ಹೆಚ್ಚು ಲವಣಾನೇ ಇರ್ಲಿಲ್ವೇನೋ. ಕರಗಿಸದ ಚೂರು ಉಳಿಸಿದ್ಯಾ?"

ಉಳಿಸಿರಲಿಲ್ಲ. ಕರಗಿಸುವುದೇ ನಮ್ಮ ಕೆಲಸ. ಉಳಿಸುವ ಯೋಚನೆ ಅವರಿಗೂ ಬರಲಿಲ್ಲ, ನನಗೂ ಬರಲಿಲ್ಲ. ಲವಣ ಇಲ್ಲ ಅನ್ನುವ ಸಾಕ್ಷಿಯನ್ನು ನಾನೇ ಆಸಿಡ್‌ಗೆ ಹಾಕಿದ್ದೆ. "ರಕ್ತ ನೋಡೋಣ ಬಿಡು," ಅಂದರು.

ಮಾರ್ಚ್ 9
ರಕ್ತದಲ್ಲಿ ವಿಟಮಿನ್ ಡಿ ಪಾತಾಳ, ರಂಜಕ, ಅಂದರೆ ಫಾಸ್ಫರಸ್, ಅದರ ಹಿಂದೆಯೇ. ಅದಕ್ಕೇ ಲವಣ ಮೂಳೆಗೆ ಕೂರಲಿಲ್ಲ. ಮಾತ್ರೆ, ಬಿಸಿಲು. ವಾಸಿಯಾಗುತ್ತದೆ ಅಂದರು.

ಅಮ್ಮ: "ಮೈಗಳ್ಳಿ ಮೈಗಳ್ಳಿ ಅಂತಿದ್ನಲ್ಲೇ ಅವಳನ್ನ..." ಆಮೇಲೆ ಬರೀ ಅಳು.

ನವೆಂಬರ್ 18
ತಂಗಿ ಮೆಟ್ಟಿಲು ಹತ್ತುತ್ತಾಳೆ. ಸೊಂಟದ ಎಡಗಡೆ ಮಾತ್ರ ನೋವು ಬಿಟ್ಟಿಲ್ಲ. ಗುಣವಾಗಿದೆಯೋ ಇಲ್ಲವೋ ನೋಡಲು ಇನ್ನೊಂದು ಚೂರು ತೆಗೆದರು. ಈ ಸಲ ಅರ್ಧ ಹಾಗೇ ಎತ್ತಿಟ್ಟೆ. ಉಳಿದರ್ಧ ಆಸಿಡ್‌ಗೆ.

ನವೆಂಬರ್ 19
ಆಕ್ಸಲೇಟ್ ಬಿಟ್ಟೆ. ಕದಡಿತು. ಮೂಳೆಯಲ್ಲಿ ಲವಣ ಕೂತಿದೆ. ಹಾಲೇ ಹಾಲು, ಆಚೆ ಹಿಡಿದ ಬೆರಳು ಕಾಣದಷ್ಟು.

ತಂಗಿಗೆ ಫೋನ್ ಮಾಡಿದೆ. "ಏನಕ್ಕಾ, ಆಯ್ತಾ?" ಅಂದಳು. "ಇನ್ನೂ ಇಲ್ಲ ಕಣೇ, ಈ ಸಲ ತುಂಬಾ ದಿನ ಬೇಕು," ಅಂದೆ, ನಗುತ್ತಾ.