ಅಪ್ಪನ ಹೆಬ್ಬೆರಳು

ವರ್ಕ್‌ಶಾಪಿನ ಮಹಡಿ,
ಮಾರ್ಚ್ ೧೨, ಗುರುವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ನಿನ್ನ ಬೆನ್ನುನೋವು ಹೇಗಿದೆ? ದೊಡ್ಡ ಕಂಪನಿಯ ಮೆತ್ತನೆ ಕುರ್ಚಿಯಲ್ಲಿ ಕೂತವನಿಗೂ ಬೆನ್ನು ನೋಯುತ್ತದೆ ಎಂದರೆ ಅಮ್ಮ ನಂಬುವುದಿಲ್ಲ. ಆದರೂ ಬಿಸಿನೀರಿನ ಶಾಖ ಕೊಟ್ಟುಕೋ ಎಂದು ಬರೆಯಲು ಹೇಳಿದ್ದಾಳೆ. ಇಲ್ಲಿ ಎಲ್ಲರ ಮೈ ಚೆನ್ನಾಗಿದೆ. ಅಪ್ಪ ಮಾತ್ರ ಸೋಮವಾರದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಸೋಮವಾರ ತಪಾಸಣೆ ಇತ್ತು. ಅದೇ, ಉಪಗ್ರಹದ ಇಂಧನದ ಕೊಳವೆಗೆ ಹಾಕುವ ವಾಲ್ವಿನ ಮೊದಲ ಮಾದರಿಗೆ. ಸಣ್ಣ ಉದ್ಯಮಗಳಿಗೆಂದೇ ಸರ್ಕಾರ ಮೀಸಲಿಟ್ಟ ಆರ್ಡರ್. ಆ ಮೀಸಲು ಯೋಜನೆಯ ಕಿರುಹೊತ್ತಿಗೆಯನ್ನು ನಾನು ಊಟದ ತಟ್ಟೆಯ ಪಕ್ಕ ಇಟ್ಟುಕೊಂಡು ಓದುತ್ತಿದ್ದಾಗ, ಇವಳ ಬಾಯಲ್ಲಿ ಹಲ್ಲಿಗಿಂತ ಘೋಷಣೆಗಳೇ ಹೆಚ್ಚು ಎಂದು ನಕ್ಕು ನೀನು ನನಗೆ ಘೋಷಣೆಯಮ್ಮ ಎಂದು ಹೆಸರಿಟ್ಟೆ. ಆ ಯೋಜನೆಯ ನೆರವಿನಿಂದಲೇ ನಮ್ಮ ಉಗ್ರಾಣ ಈಗ ಧೂಳು ನುಗ್ಗದ ಕೋಣೆಯಾಗಿದೆ. ಎರಡೆರಡು ಬಾಗಿಲು, ಬಿಳಿ ಟೊಪ್ಪಿ, ಗ್ಲೌಸು. ಟೊಪ್ಪಿ ಹಾಕಿಕೊಂಡರೆ ಅಪ್ಪ ಬೇಕರಿಯವರ ಹಾಗೆ ಕಾಣುತ್ತಾರೆ. ಆಕಾಶ ನಾಲ್ಕು ಕಂಪನಿಗಳ ಹಿತ್ತಲಲ್ಲ ಎಂದು ನಾನು ಕೂಗಾಡಿದ್ದೆಲ್ಲ ಕೊನೆಗೂ ಒಂದು ಕೋಣೆಯಾಗಿ ನಿಂತಿತಲ್ಲ ಎಂದು ಎಷ್ಟು ಹಿಗ್ಗಿದ್ದೆ.

ತಪಾಸಣೆಗೆ ಬಂದ ಮೇಡಂ ಒಳ್ಳೆಯವರು. ಅಳತೆ, ಒತ್ತಡ, ಸೋರಿಕೆ, ಎಲ್ಲದರಲ್ಲೂ ವಾಲ್ವು ಪಾಸಾಯಿತು. ಕೊನೆಯ ಸಲ ತೊಳೆದು ಒಣಗಿಸಿ, ಇನ್ನೇನು ಚೀಲಕ್ಕೆ ಹಾಕಿ ಸೀಲು ಮಾಡಬೇಕು. ಅಪ್ಪ ಗ್ಲೌಸು ಕಳಚಿ, ವಾಲ್ವಿನ ಮುಖದ ಮೇಲೆ ಹೆಬ್ಬೆರಳು ಸವರಿಬಿಟ್ಟರು. ಹಾಲಿನ ಡೈರಿಯ ಯಂತ್ರಗಳಿಗೆ ವಾಲ್ವು ಮಾಡುತ್ತಿದ್ದ ಕಾಲದಿಂದಲೂ ಹಾಗೆ ಸವರದೆ ಒಂದು ತುಂಡನ್ನೂ ಹೊರಗೆ ಕಳಿಸಿದವರಲ್ಲ. ಮಕ್ಕಳ ಕೆನ್ನೆ ಸವರಿ ಶಾಲೆಗೆ ಕಳಿಸುವ ಹಾಗೆ. ಬೆರಳಿನ ಜಿಡ್ಡು ಇಂಧನಕ್ಕೆ ಸೇರಬಾರದು, ಮೇಲೆ ಹೋದದ್ದನ್ನು ರಿಪೇರಿ ಮಾಡಲು ಏಣಿ ಹಾಕಲಾಗುವುದಿಲ್ಲ ಎಂದು ನಮಗೆ ಪಾಠ ಮಾಡಿದವರೂ ಅಪ್ಪನೇ.

ಮೇಡಂ ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸುತ್ತಲೇ, "ನಾನೇನೂ ನೋಡಿಲ್ಲ. ಇನ್ನೊಂದ್ಸಲ ತೊಳ್ಕೊಂಡು ಬನ್ನಿ," ಎಂದರು. ಕೊನೆಯ ತೊಳೆತದ ನಂತರ ಬರಿಗೈ ತಾಗಿದರೆ ಆ ಮಾದರಿ ತಿರಸ್ಕೃತ ಎಂದು ನಿಯಮವಿದೆ. ಅಣ್ಣಾ, ದೊಡ್ಡವರಿಗಾಗಿ ಕಣ್ಣು ಮುಚ್ಚುವ ಅಧಿಕಾರಿಗಳನ್ನು ನಾನು ಬೈದದ್ದು ಅಷ್ಟಿಷ್ಟಲ್ಲ. ಈಗ ನಮಗಾಗಿ ಮುಚ್ಚಿದ ಕಣ್ಣು ಎಷ್ಟು ಹಿತವಾಗಿತ್ತು ಗೊತ್ತೇ? ತೊಳೆಯಲೆಂದು ವಾಲ್ವಿಗೆ ಕೈ ಚಾಚಿಯೂ ಬಿಟ್ಟೆ. ಆಮೇಲೆ, "ನೀವು ನೋಡಿದ್ರಿ ಮೇಡಂ. ಬರ್ಕೊಳ್ಳಿ," ಎಂದೆ.

ಬರೆದುಕೊಂಡರು. ತಿಂಗಳ ಕೊನೆಯೊಳಗೆ ಹೊಸ ಮಾದರಿ ಕೊಡಬಹುದು, ಅದೂ ಒಂದೇ ಸಲ. ತಪ್ಪಿದರೆ ಮೀಸಲು ರದ್ದಾಗಿ ಆರ್ಡರ್ ಎಲ್ಲರಿಗೂ ತೆರೆಯುತ್ತದೆ. ಆಗ ಅದು ನಿನ್ನ ಕಂಪನಿಯ ಪಾಲು, ನಮ್ಮ ಕೋಣೆಗೆ ಬೀಗ. ಮೇಡಂ ಕಾರು ತಿರುವು ದಾಟಿದ ಮೇಲೆ ಅಪ್ಪ ಹೇಳಿದ್ದು ಇಷ್ಟೇ: "ದೊಡ್ಡ ಕಂಪನಿಯವರ ಕೈಲಾಗದ್ದನ್ನ ಒಂದು ಮಾತಲ್ಲಿ ಮಾಡಿಬಿಟ್ಟೆಯಲ್ಲ, ತಾಯೀ."

ಈಗ ಎಲ್ಲವೂ ನಿಂತಿರುವುದು ವಾಲ್ವು ಸೋರದಂತೆ ಅದರ ಮುಖವನ್ನು ಕನ್ನಡಿಯ ಹಾಗೆ ಉಜ್ಜುವುದರ ಮೇಲೆ. ತಿರಸ್ಕೃತವಾದದ್ದು ನೀನು ಇಲ್ಲಿಂದ ಆ ಕಂಪನಿಗೆ ಹೋಗುವ ಮೊದಲು ಉಜ್ಜಿಟ್ಟದ್ದು. ಅಪ್ಪನ ಕೈ ನಡುಗುತ್ತದೆ. ನಾನು ಉಜ್ಜಿದ ಮೊದಲನೆಯದು ಗೀರು ಬಿದ್ದು ಕೆಟ್ಟಿತು. ಎರಡನೆಯದು ಮೇಜಿನ ಮೇಲಿದೆ. ಅದೂ ಕೆಟ್ಟರೆ ಉಳಿಯುವುದು ಇನ್ನೊಂದೇ ತುಂಡು. ನಿನ್ನೆ ಅಪ್ಪ ನಿನ್ನ ಹಳೆಯ ಏಪ್ರನ್ ಒಗೆದು ತಂತಿಯ ಮೇಲೆ ಹರವಿದರು.

ಅಮ್ಮನ ಆಶೀರ್ವಾದ ನಿಮ್ಮೆಲ್ಲರ ಮೇಲಿದೆ. ಅತ್ತಿಗೆಗೆ ನನ್ನ ನೆನಪು ಹೇಳು. ಪುಟ್ಟಿಯ ಹಲ್ಲು ಬಿದ್ದ ಜಾಗಕ್ಕೊಂದು ಮುತ್ತು.

ನಿನ್ನ ತಂಗಿ,
ಘೋಷಣೆಯಮ್ಮ

ತಾ.ಕ.: ಎರಡನೆಯದಕ್ಕೂ ಈಗಷ್ಟೇ ಗೀರು ಬಿತ್ತು. ರಜೆ ಹಾಕಿ ಬಾ ಎಂದು ಅಪ್ಪ ಭಾನುವಾರ ನಿನಗೆ ಫೋನ್ ಮಾಡುವವರಿದ್ದಾರೆ. ಅಮ್ಮನ ಹತ್ತಿರ ಹೇಳುತ್ತಿದ್ದುದು ಕೇಳಿಸಿತು. ಬರಬೇಡ. ಎದುರಾಳಿ ಕಂಪನಿಯವನ ಕೈಯಲ್ಲಿ ಉಜ್ಜಿಸಿದ್ದನ್ನು ನಮ್ಮದೆಂದು ನಾನು ಸಹಿ ಹಾಕಲಾರೆ, ನಿನ್ನ ಕೆಲಸಕ್ಕೂ ಕುತ್ತು. ನಿನ್ನ ಏಪ್ರನ್ ನಾನೇ ಕಟ್ಟಿಕೊಂಡಿದ್ದೇನೆ, ಪಾದದವರೆಗೆ ಬರುತ್ತದೆ. ಕೊನೆಯ ತುಂಡಿಗೆ ಈಗ ಕೈ ಹಚ್ಚುತ್ತಿದ್ದೇನೆ. ನಡುವೆ ಧೈರ್ಯ ಸೋತು ನಾನೇ ಫೋನ್ ಮಾಡಿ ಕರೆದರೂ ಬರಬೇಡ.